ರೇಡಾರ್ ಚಿತ್ರದಿಂದ ನೆರೆಯ ನಕ್ಷೆ ಮಾಡುವ ಬಗೆ

ನೆರೆಯ ಹೊತ್ತಿಗೆ ಸಾಮಾನ್ಯವಾಗಿ ಮೋಡ ಮುಚ್ಚಿರುತ್ತದೆ. ಹಾಗಾಗಿ ಮೋಡ, ಕತ್ತಲು ಎರಡನ್ನೂ ದಾಟಿ ನೋಡುವ ಸೆಂಟಿನೆಲ್-1 ಎಂಬ ಐರೋಪ್ಯ ಉಪಗ್ರಹದ ರೇಡಾರ್ ಚಿತ್ರ ಬಳಸಿ, ಉಚಿತವಾಗಿ ಸಿಗುತ್ತದೆ.

ನೆರೆಗೆ ಮುಂಚಿನದೊಂದು, ನೆರೆಯ ಹೊತ್ತಿನದೊಂದು ಜಿಆರ್‌ಡಿ (ನೆಲದ ಅಳತೆಗೆ ಹೊಂದಿಸಿ ಕೊಡುವ ಸಿದ್ಧ ರೂಪ) ಚಿತ್ರ ಇಳಿಸಿಕೊಳ್ಳಿ. ಎರಡೂ ಒಂದೇ ಕಕ್ಷೆಯವಾಗಿರಲೇಬೇಕು. ಇಲ್ಲದಿದ್ದರೆ ನೋಟದ ಕೋನ ಬದಲಾಗಿ ನೀರಿಲ್ಲದ ಕಡೆಯೂ ವ್ಯತ್ಯಾಸ ಕಾಣಿಸುತ್ತದೆ. ಕ್ಯಾಲಿಬ್ರೇಷನ್ (ಅಂಕಿಗಳನ್ನು ಮರಳಿ ಬಂದ ಅಲೆಯ ಬಲದ ಅಳತೆಗೆ ತರುವುದು), ಸ್ಪೆಕಲ್ ಫಿಲ್ಟರ್ (ಚುಕ್ಕಿ ಚುಕ್ಕಿಯ ಗದ್ದಲ ತಗ್ಗಿಸುವುದು), ಟೆರೇನ್ ಕರೆಕ್ಷನ್ (ನೆಲದ ಏರುತಗ್ಗಿನಿಂದಾದ ಓರೆ ಸರಿಪಡಿಸುವುದು) ಮುಗಿಸಿ, ಪಿಕ್ಸೆಲ್ ಅಂಕಿಗಳನ್ನು ಡೆಸಿಬೆಲ್‌ಗೆ ಬದಲಿಸಿ.

ನಿಂತ ನೀರು ರೇಡಾರ್ ಅಲೆಯನ್ನು ಆಚೆಗೆ ಚಿಮ್ಮಿಸುವುದರಿಂದ ಕಪ್ಪಾಗಿ ಕಾಣುತ್ತದೆ. ನೆರೆಯ ಹೊತ್ತಿನ ಚಿತ್ರದ ವಿವಿ ಬ್ಯಾಂಡಿನ (ಲಂಬವಾಗಿ ಕಂಪಿಸುವ ಅಲೆ ಕಳಿಸಿ, ಹಾಗೆಯೇ ಮರಳಿದ್ದನ್ನು ಹಿಡಿದದ್ದು) ಹಿಸ್ಟೋಗ್ರಾಮಿನಲ್ಲಿ, ಅಂದರೆ ಯಾವ ಅಂಕಿಯ ಪಿಕ್ಸೆಲ್ ಎಷ್ಟಿವೆ ಎಂದು ತೋರುವ ಗ್ರಾಫಿನಲ್ಲಿ, ನೀರು ಮತ್ತು ನೆಲದ ಎರಡು ದಿಬ್ಬಗಳ ನಡುವಿನ ತಗ್ಗೇ ನಿಮ್ಮ ಗಡಿ; ಅದಕ್ಕಿಂತ ಕಡಿಮೆ ಅಂಕಿಯದ್ದು ನೀರು. ಬಹಳ ಸಲ −15ರಿಂದ −18 ಡೆಸಿಬೆಲ್ ಆಸುಪಾಸು. ಬೇರೆಯವರ ಅಂಕಿ ನಕಲು ಮಾಡಬೇಡಿ. ದಿಬ್ಬ ಒಂದೇ ಕಂಡರೆ ಚಿತ್ರವನ್ನು ನದಿಯ ಅಕ್ಕಪಕ್ಕಕ್ಕೆ ಕತ್ತರಿಸಿ ಮತ್ತೆ ನೋಡಿ.

ನೆರೆಗೆ ಮುಂಚಿನ ಚಿತ್ರ ನೋಡಿ, ಮೊದಲೇ ಇದ್ದ ಕೆರೆ, ನದಿಗಳನ್ನು ಕಳೆಯಿರಿ. ಬೆಟ್ಟದ ನೆರಳೂ ಕಪ್ಪೇ, ಆದ್ದರಿಂದ ಇಳಿಜಾರು ಶೇ. 5 ದಾಟಿದ ಪಿಕ್ಸೆಲ್ ಬಿಡಿ. ಡಾಂಬರು ರಸ್ತೆ, ರನ್‌ವೇ ಕೂಡ ನೀರಿನಂತೆ ಕಪ್ಪಾಗಿ ಕಂಡು ಮೋಸ ಮಾಡುತ್ತವೆ. ಗಾಳಿಗೆ ಅಲೆಯೆದ್ದ ನೀರು, ಮನೆಗಳ ನಡುವೆ ನಿಂತ ನೀರು ಬೆಳ್ಳಗೆ ಕಂಡು ತಪ್ಪಿಹೋಗುತ್ತದೆ; ಊರೊಳಗಿನ ಲೆಕ್ಕ ಕಡಿಮೆಯೇ ಬರುತ್ತದೆ.

ವಿಸ್ತೀರ್ಣವನ್ನು ಯುಟಿಎಂ (ಮೀಟರ್‌ನಲ್ಲಿ ಅಳೆಯುವ ನಕ್ಷೆ ಪದ್ಧತಿ) ಪ್ರೊಜೆಕ್ಷನ್‌ನಲ್ಲಿ ಎಣಿಸಿ: 10 ಮೀಟರ್‌ನ 100 ಪಿಕ್ಸೆಲ್ ಅಂದರೆ 1 ಹೆಕ್ಟೇರ್.