ನವೆಂಬರ್‌ನಲ್ಲೇ ನಕ್ಷೆ: ಡೆಪ್ತ್ ಹೋರ್ ಹಿಡಿದ ನನ್ನ ಅನುಭವ

ಕೊಲರಾಡೋದ ಬರ್ತಡ್ ಪಾಸ್ ಎಂಬ ಬೆಟ್ಟದ ದಾರಿಯ ಸುತ್ತ ಸ್ಕೀ ಕಟ್ಟಿ ಹತ್ತುವವರಿಗೆ ಡೆಪ್ತ್ ಹೋರ್ ಹೊಸದಲ್ಲ: ನೆಲದ ಬಳಿ ಹಳೇ ಹಿಮ ಸಡಿಲ ಹರಳಾಗಿ, ಮೇಲಿನ ಹಿಮವನ್ನು ಹಿಮಕುಸಿತವಾಗಿ ಜಾರಿಸುವ ದುರ್ಬಲ ಪದರವದು. ಜನವರಿಯಲ್ಲಿ ಗುಂಡಿ ತೋಡಿ ಅದನ್ನು ಹುಡುಕುವ ಬದಲು, ಮೊದಲ ದೊಡ್ಡ ಹಿಮ ಬೀಳುವ ಮುಂಚೆಯೇ ಹಳೇ ಹಿಮ ಎಲ್ಲೆಲ್ಲಿ ಉಳಿದಿದೆ ಎಂದು ಗುರುತು ಹಾಕಿಡೋಣ ಎಂದಾಗ ನಮ್ಮ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. ಈಗ ಹೊರಡುವ ಹಿಂದಿನ ರಾತ್ರಿ ಅವರೇ ನಕ್ಷೆ ಕೇಳುತ್ತಾರೆ.

ಅಕ್ಟೋಬರ್ ಹಿಮ ದಕ್ಷಿಣದ ಇಳಿಜಾರಿನಲ್ಲಿ ಕರಗಿ ನೆಲ ಕಾಣುತ್ತದೆ. ಉತ್ತರ, ಈಶಾನ್ಯದ ನೆರಳಲ್ಲಿ ಉಳಿಯುತ್ತದೆ. ಅಲ್ಲಿ 20ರಿಂದ 40 ಸೆಂ.ಮೀ. ದಪ್ಪದ ತೇಪೆಗಳೇ ಅತಿ ಕೆಟ್ಟವು. ನೆಲ ಸೊನ್ನೆ ಡಿಗ್ರಿ ಆಸುಪಾಸು, ಮೋಡವಿಲ್ಲದ ರಾತ್ರಿ ಮೇಲ್ಮೈ ಮೈನಸ್ 20, 10 ಸೆಂ.ಮೀ.ಗೆ 1 ಡಿಗ್ರಿ ವ್ಯತ್ಯಾಸ ದಾಟಿದರೇ ಹರಳು ಕೆಡತೊಡಗುತ್ತದೆ, ಇಲ್ಲಿ ಅದರ ಐದರಿಂದ ಹತ್ತು ಪಟ್ಟು. ಕೆಲವೇ ವಾರಗಳಲ್ಲಿ ಹಿಡಿಯಲ್ಲಿ ನಿಲ್ಲದೆ ಸಕ್ಕರೆಯಂತೆ ಉದುರುತ್ತದೆ.

ಬಂಡೆಗಳು ಹಿಮವನ್ನು ಹಿಡಿದಿಡುತ್ತವೆ ಎಂಬುದು ಅವು ಮುಚ್ಚಿಹೋಗುವವರೆಗೆ ಮಾತ್ರ ನಿಜ. ಆಮೇಲೆ ಅವುಗಳ ಅಂಚಲ್ಲಿ ಹಿಮ ತೆಳು, ಹರಳು ದೊಡ್ಡದು. ಸ್ಲ್ಯಾಬ್, ಅಂದರೆ ಮೇಲಿನ ಗಟ್ಟಿ ಹಿಮದ ಹಾಸು, ಒಡೆಯುವುದು ಹೆಚ್ಚಾಗಿ ಅಲ್ಲಿಂದಲೇ. ಹುಲ್ಲಿನ ನುಣುಪು ಇಳಿಜಾರಿಗಂತೂ ಆ ಹಿಡಿತವೂ ಇಲ್ಲ.

ದುಡ್ಡು ಹೋದದ್ದು ತಾನಾಗಿ ಚಿತ್ರ ತೆಗೆಯುವ ಟ್ರೇಲ್ ಕ್ಯಾಮೆರಾಗೆ: ಸುಮಾರು 150 ಡಾಲರ್, ಲೆನ್ಸ್ ಮೇಲೆ ಮಂಜು ಕಟ್ಟಿ ಒಂದು ಚಿತ್ರವೂ ದಕ್ಕಲಿಲ್ಲ. ಅಗ್ಗದ ಥರ್ಮಾಮೀಟರ್‌ಗಳು 2 ಡಿಗ್ರಿವರೆಗೆ ಸುಳ್ಳು ಹೇಳಿದವು. ಐಸ್ ನೀರಲ್ಲಿ ಅದ್ದಿ ಸೊನ್ನೆ ನೋಡಿಯೇ ಒಯ್ಯಬೇಕು. ಸೆಂಟಿನೆಲ್-2 ಉಪಗ್ರಹದ ಚಿತ್ರ ಪುಕ್ಕಟೆ, 10 ಮೀಟರ್ ವಿವರ, ಐದು ದಿನಕ್ಕೊಮ್ಮೆ. ಆದರೆ ನವೆಂಬರ್ ಸೂರ್ಯ ತಗ್ಗಿನಲ್ಲಿರುವುದರಿಂದ, ಬೇಕಾದ ಉತ್ತರದ ಇಳಿಜಾರೇ ಕಪ್ಪಾಗಿ ಬರುತ್ತದೆ. ಆ ನೆರಳಿನಿಂದ ಹಿಮ ಬಿಡಿಸುವ ಲೆಕ್ಕ ಸದ್ಯಕ್ಕೆ ನನ್ನ ಬಳಿಯೇ ಇರಲಿ. ಎದುರಿನ ಗುಡ್ಡದಿಂದ ಜೂಮ್ ಲೆನ್ಸಲ್ಲಿ ತೆಗೆದ ಫೋಟೋ ಸೇರಿಸಿದರೆ ಉಳಿದವರಿಗೂ ಸಾಕು.

ಡಿಸೆಂಬರ್ ಕೊನೆಯ ಭಾರಿ ಹಿಮದ ನಂತರ ತಾನಾಗಿ ಜಾರಿದ ಇಳಿಜಾರುಗಳ ಅಂಚು ನನ್ನ ಗೆರೆಗೆ ಹೆಚ್ಚುಕಡಿಮೆ ಕೂತಿತು.

ದುರ್ಬಲ ಪದರ ಮೀಟರ್ ಆಳಕ್ಕಿಳಿದ ಮೇಲೆ ಇಸಿಟಿ (ಕಡಿದು ಬಿಡಿಸಿದ ಹಿಮದ ಕಂಬದ ಮೇಲೆ ಸಲಿಕೆ ಇಟ್ಟು ತಟ್ಟಿ ಬಿರುಕು ನೋಡುವ ಪರೀಕ್ಷೆ) ನಂಬಬೇಡಿ, ಪೆಟ್ಟು ಅಲ್ಲಿಗೆ ಮುಟ್ಟುವುದಿಲ್ಲ. ದುರ್ಬಲ ಪದರವನ್ನು ಗರಗಸದಿಂದ ಕೊಯ್ದು ನೋಡುವ ಪಿಎಸ್‌ಟಿ ಪರೀಕ್ಷೆ ಮಾಡಿ, ಹಿಮದ ಕಂಬ ಇಳಿಜಾರಿನುದ್ದಕ್ಕೆ ಕನಿಷ್ಠ 1 ಮೀಟರ್ ಉದ್ದ ಇರಲಿ. ಅರ್ಧ ಕೊಯ್ಯುವ ಮೊದಲೇ ಬಿರುಕು ತುದಿಯವರೆಗೆ ಓಡಿದರೆ ಆ ಮುಖಕ್ಕೆ ಹೋಗುವುದಿಲ್ಲ. ಓಡದಿದ್ದರೂ, ನಕ್ಷೆಯಲ್ಲಿ ತೇಪೆ ಇದ್ದರೆ ಹೋಗುವುದಿಲ್ಲ. ಫೋಟೋ ತೆಗೆದ ಮೇಲೆ, ದೊಡ್ಡ ಹಿಮಕ್ಕೆ ಮುಂಚೆ ಬಿಸಿಲೋ ಜೋರು ಗಾಳಿಯೋ ಬಂದಿದ್ದರೆ ಹಳೆಯದನ್ನು ಬಿಟ್ಟು ಹೊಸದಾಗಿ ಗುರುತು ಹಾಕಿ.