ಹಳೆಯ ಹಾರ್ಡ್ ಡಿಸ್ಕ್‌ಗಳಿಂದ ಮನೆಯ ಸರ್ವರ್: ನನ್ನ ಅನುಭವ

ಬಳಕೆಯಿಲ್ಲದೆ ಉಳಿದಿದ್ದ 1, 2, 4 ಮತ್ತು 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್‌ಗಳನ್ನು ಸೇರಿಸಿ ಸರ್ವರ್ ರೂಪಿಸಲು ಹೊರಟಾಗ ಮೊದಲು ಎದುರಾದದ್ದು ಗಾತ್ರದ ತೊಡಕು. ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಜೋಡಿಸುವ ರೇಡ್ 5 ವ್ಯವಸ್ಥೆಯು ಪ್ರತಿ ಡಿಸ್ಕ್‌ನಿಂದಲೂ ಅತಿ ಚಿಕ್ಕದರಷ್ಟು ಜಾಗವನ್ನೇ ಬಳಸಿ, ಅದರಲ್ಲೂ ಒಂದು ಡಿಸ್ಕ್‌ನ ಪಾಲನ್ನು ಪ್ಯಾರಿಟಿಗೆ (ಕೆಟ್ಟ ಡಿಸ್ಕ್‌ನ ಮಾಹಿತಿಯನ್ನು ಮರಳಿ ಕಟ್ಟಲು ಬೇಕಾದ ಲೆಕ್ಕಕ್ಕೆ) ತೆಗೆದಿಡುವುದರಿಂದ, ಒಟ್ಟು 11 ಟಿಬಿಯಲ್ಲಿ ದಕ್ಕುತ್ತಿದ್ದುದು 3 ಟಿಬಿ ಮಾತ್ರ. ಆದ್ದರಿಂದ ಬೇರೆ ಬೇರೆ ಗಾತ್ರದ ಡಿಸ್ಕ್‌ಗಳನ್ನೂ ಪೂರ್ತಿ ಬಳಸಬಲ್ಲ ಸ್ನ್ಯಾಪ್‌ರೇಡ್ ತಂತ್ರಾಂಶವನ್ನು ಆರಿಸಿಕೊಂಡು, ಒಂದು 4 ಟಿಬಿ ಡಿಸ್ಕನ್ನು ಪ್ಯಾರಿಟಿಗೆ ಮೀಸಲಿಟ್ಟು, ಉಳಿದ 7 ಟಿಬಿಯನ್ನು ಮರ್ಜರ್‌ಎಫ್‌ಎಸ್ ಎಂಬ ಇನ್ನೊಂದು ತಂತ್ರಾಂಶದ ಮೂಲಕ ಒಂದೇ ಫೋಲ್ಡರಿನಂತೆ ಕಾಣಿಸಿದೆ. ಸ್ನ್ಯಾಪ್‌ರೇಡ್‌ನಲ್ಲಿ ಪ್ಯಾರಿಟಿಯು ಸಿಂಕ್ ಆಜ್ಞೆ ಕೊಟ್ಟಾಗ ಮಾತ್ರ ನವೀಕರಣಗೊಳ್ಳುತ್ತದೆ. ಅಪರೂಪಕ್ಕೆ ಬದಲಾಗುವ ಫೋಟೊ, ವಿಡಿಯೊಗಳಿಗೆ ಅಷ್ಟು ಸಾಕು, ದಿನವಿಡೀ ತಿದ್ದುವ ಕಡತಗಳಿಗೆ ಸಾಲದು.

ಆದರೆ 2 ಟಿಬಿ ಡಿಸ್ಕ್ ದೊಡ್ಡ ಕಡತಗಳನ್ನು ನಕಲಿಸುವಾಗಲೆಲ್ಲ ಸಂಪರ್ಕ ಕಳೆದುಕೊಳ್ಳುತ್ತಿತ್ತು. ಹಳೆಯದೆಂದು ಎಸೆಯುವ ಮುನ್ನ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ದಾಖಲಿಸುವ ಸ್ಮಾರ್ಟ್ ವರದಿಯನ್ನು ತೆರೆದಾಗ, ಕೆಟ್ಟ ಸೆಕ್ಟರ್‌ಗಳನ್ನು (ಡಿಸ್ಕ್‌ನಲ್ಲಿ ಮಾಹಿತಿ ಉಳಿಯುವ ಸಣ್ಣ ಭಾಗಗಳನ್ನು) ಸೂಚಿಸುವ 5 ಮತ್ತು 197ನೇ ಸಾಲುಗಳಲ್ಲಿ ಸೊನ್ನೆಯಿದ್ದು, 199ನೆಯದಾದ ಸಿಆರ್‌ಸಿ ದೋಷಗಳ ಎಣಿಕೆ ಮಾತ್ರ ಏರುತ್ತಿತ್ತು. ಅದು ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವಿನ ದತ್ತಾಂಶ ಸಾಗಣೆಯ ದೋಷ. ಸಾಮಾನ್ಯವಾಗಿ ಕೇಬಲ್‌ನದೇ ತಪ್ಪು. ಬಿಗಿಯಾಗಿ ಕೂರುವ ಹೊಸ ಸಾಟಾ ಕೇಬಲ್ ಹಾಕಿದ ಮೇಲೆ ಆ ಸಂಖ್ಯೆ ಇದ್ದಲ್ಲೇ ನಿಂತಿತು (ಅದು ಸೊನ್ನೆಗೆ ಮರಳುವುದಿಲ್ಲವಾದ್ದರಿಂದ ಗಾಬರಿಪಡಬೇಕಿಲ್ಲ), ನಕಲೂ ತಡೆಯಿಲ್ಲದೆ ಮುಗಿಯಿತು. ಆದರೂ ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಸರ್ವರ್‌ನ ಹೊರಗಿನ ಡಿಸ್ಕ್‌ನಲ್ಲಿಯೇ ಇಟ್ಟಿದ್ದೇನೆ.