ಚಿನ್ನದ ಚೌಕಟ್ಟಿನ ಹಳೆ ಕನ್ನಡಿ ಶುಚಿ ಮಾಡುವುದು ಹೇಗೆ?

ಹೋದ ದೀಪಾವಳಿಯ ಹಿಂದಿನ ದಿನ ಇಂಗ್ಲೆಂಡಿನ ಲೀಡ್ಸ್‌ನಿಂದ ಅಕ್ಕ ವಿಡಿಯೊ ಕಾಲ್ ಮಾಡಿದಳು. ಕೈಯಲ್ಲಿ ಒಂದು ಒದ್ದೆ ಬಟ್ಟೆ. ಅದರ ತುಂಬ ಚಿನ್ನದ ಬಣ್ಣ, ನಡುನಡುವೆ ಕೆಮ್ಮಣ್ಣಿನ ಕಲೆ. ಹರಾಜಿನಲ್ಲಿ ಆಸೆಪಟ್ಟು ಕೊಂಡ ಹಳೆ ಕನ್ನಡಿಯನ್ನು ಹಬ್ಬಕ್ಕೆಂದು ಒರೆಸಿದ್ದಳು. ಇನ್ನೂರು ವರ್ಷ ನಿಂತಿದ್ದ ಚಿನ್ನ ಎರಡು ನಿಮಿಷದಲ್ಲಿ ಬಟ್ಟೆಗೆ ಬಂದಿತ್ತು.

ಇಂಥದ್ದನ್ನು ಬೇರೆ ಮನೆಗಳಲ್ಲೂ ನೋಡಿದ್ದೇನೆ. ಒಬ್ಬರು ಹಿತ್ತಾಳೆ ಅಂದುಕೊಂಡು ಹುಣಸೆಹಣ್ಣು ಹಾಕಿ ಉಜ್ಜಿದ್ದರು. ನೋಡಿ ಹೊಟ್ಟೆ ಉರಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕನ್ನಡಿಯ ಪರಿಚಯ ಮಾಡಿಕೊಳ್ಳಿ

ಅಕ್ಕನದು ನಿಯೋಕ್ಲಾಸಿಕಲ್, ಅಂದರೆ ಹಳೆ ರೋಮಿನ ಅಲಂಕಾರವನ್ನು ಅನುಸರಿಸಿದ ಶೈಲಿಯ ಕನ್ನಡಿ. ಇಟಲಿಯಲ್ಲಿ 1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪೊಂಪೇ ಊರುಗಳನ್ನು ಅಗೆಯಲು ಶುರುಮಾಡಿದರು. ಮಣ್ಣಿನಡಿಯಿಂದ ಹಳೆ ರೋಮಿನ ಮನೆಗಳು ಎದ್ದು ಬಂದವು. ಯುರೋಪಿನ ಶ್ರೀಮಂತರಿಗೆ ಆ ಅಲಂಕಾರದ ಹುಚ್ಚು ಹಿಡಿಯಿತು. ಫ್ರಾನ್ಸಿನಲ್ಲಿ ಅದು ದೊರೆ ಹದಿನಾರನೇ ಲೂಯಿಯ ಹೆಸರಿನ ಶೈಲಿಯಾಯಿತು. ಇಂಗ್ಲೆಂಡಿನಲ್ಲಿ ರಾಬರ್ಟ್ ಆ್ಯಡಂ ಎಂಬ ವಾಸ್ತುಶಿಲ್ಪಿ ಅದನ್ನು ಶ್ರೀಮಂತರ ಮನೆಗಳ ಗೋಡೆಗೆ ತಂದ. ಲೀಡ್ಸ್ ಪಕ್ಕದ ಹೇರ್‌ವುಡ್ ಹೌಸ್‌ನ ಒಳಾಂಗಣ ಅವನದೇ, ಅಲ್ಲಿನ ಪೀಠೋಪಕರಣ ಥಾಮಸ್ ಚಿಪ್ಪೆಂಡೇಲ್‌ನದು. ಆ ಕಡೆ ಹೋದರೆ ತಪ್ಪದೆ ನೋಡಿ.

ಗುರುತು ಸುಲಭ. ನೇರ ಗೆರೆ ಅಥವಾ ಮೊಟ್ಟೆಯಾಕಾರ, ಎಡಬಲ ಒಂದೇ ಸಮ. ನೆತ್ತಿಯಲ್ಲಿ ಪುಟ್ಟ ಕಲಶ, ಬದಿಯಲ್ಲಿ ಇಳಿಬಿಟ್ಟ ಮಾಲೆ, ರಿಬ್ಬನ್ ಗಂಟು, ಅಂಚಿಗೆ ಮಣಿಸಾಲು.

ಚಿನ್ನ ಯಾವುದರ ಮೇಲೆ ಕೂತಿದೆ?

ಇದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಮರದ ಮೇಲೆ ಸೀಮೆಸುಣ್ಣದ ಪುಡಿ ಮತ್ತು ಪ್ರಾಣಿಯ ಚರ್ಮದಿಂದ ತೆಗೆದ ಅಂಟು ಕಲಸಿ ಪದರ ಪದರವಾಗಿ ಹಚ್ಚುತ್ತಿದ್ದರು. ಅದರ ಮೇಲೆ ನುಣ್ಣನೆಯ ಜೇಡಿಮಣ್ಣು, ಸಾಮಾನ್ಯವಾಗಿ ಕೆಂಪು. ಅದನ್ನು ನೀರಿನಿಂದ ಒದ್ದೆ ಮಾಡಿ ಚಿನ್ನದ ಹಾಳೆ ಕೂರಿಸುತ್ತಿದ್ದರು. ಅಂದರೆ ಎಲ್ಲವನ್ನೂ ಹಿಡಿದಿಟ್ಟಿರುವುದು ನೀರಿಗೆ ಕರಗುವ ಅಂಟು. ಮೈಸೂರು ಶೈಲಿಯ ಚಿತ್ರಗಳಲ್ಲಿ ಉಬ್ಬು ಕೆಲಸದ ಮೇಲೆ ಚಿನ್ನದ ಹಾಳೆ ಅಂಟಿಸಿರುತ್ತಾರಲ್ಲ, ಅದನ್ನು ಯಾರಾದರೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರಾ? ಇದೂ ಹಾಗೇ.

ಎಣ್ಣೆಯ ಅಂಟಿನಿಂದ ಚಿನ್ನ ಕೂರಿಸಿದ ಚೌಕಟ್ಟುಗಳೂ ಇವೆ. ಅವು ನೀರನ್ನು ಸ್ವಲ್ಪ ತಡೆಯುತ್ತವೆ. ಆದರೆ ಒಂದೇ ಚೌಕಟ್ಟಿನಲ್ಲಿ ಎರಡೂ ಬಗೆ ಇರಬಹುದು. ಹತ್ತಿ ಒದ್ದೆ ಮಾಡಿ ಪರೀಕ್ಷಿಸಿ ಅಂತ ಕೆಲವರು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಪರೀಕ್ಷೆ ಮಾಡಿದ ಜಾಗದ ಚಿನ್ನ ಹೋದರೆ ವಾಪಸ್ ಬರುವುದಿಲ್ಲ. ಎಲ್ಲ ಚೌಕಟ್ಟಿಗೂ ನೀರು ಆಗದು ಅಂತಲೇ ಇಟ್ಟುಕೊಳ್ಳಿ.

ದೂಳು ತೆಗೆಯುವುದು

ಜನ ಎಡವುವುದು ಇಲ್ಲೇ. ಬಟ್ಟೆ ಹಿಡಿಯಲೇಬೇಡಿ, ಒಣ ಬಟ್ಟೆಯೂ ಬೇಡ. ಎದ್ದಿರುವ ಚೂರಿಗೆ ಅದರ ನೂಲು ಸಿಕ್ಕಿ ಕಿತ್ತುಕೊಂಡು ಬರುತ್ತದೆ.

ಕನ್ನಡಿಯನ್ನು ಗೋಡೆಯಲ್ಲೇ ಬಿಡಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಚೌಕಟ್ಟಿನ ಪಕ್ಕದಿಂದ, ಗೋಡೆಗೆ ಸಮನಾಗಿ ಹಿಡಿಯಿರಿ. ಎದ್ದಿರುವ ಪದರಗಳ ನೆರಳು ಬೀಳುತ್ತದೆ. ಫೋನಿನಲ್ಲಿ ಫೋಟೊ ತೆಗೆದು ಆ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಅಲ್ಲಿಗೆ ಬ್ರಷ್ ಹೋಗಬಾರದು.

ಚಿತ್ರ ಬಿಡಿಸುವವರು ಬಳಸುವ, ಅಗಲದ, ಮೆತ್ತನೆಯ ಕೂದಲಿನ ಹೊಸ ಬ್ರಷ್ ತನ್ನಿ. ಗೋಡೆಗೆ ಬಣ್ಣ ಹಚ್ಚುವ ಬ್ರಷ್ ಆಗದು, ಅದರ ಕೂದಲು ಗೀರುತ್ತದೆ. ಬ್ರಷ್‌ನ ತಗಡಿನ ಪಟ್ಟಿಗೆ ಟೇಪು ಸುತ್ತಿ. ಕೈ ಜಾರಿದರೆ ಆ ತಗಡೇ ಚಿನ್ನಕ್ಕೆ ತಗಲುವುದು. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ತೀರಾ ಕಡಿಮೆ ವೇಗದಲ್ಲಿಡಿ. ಒಂದು ಕೈಯಲ್ಲಿ ಅದನ್ನು ಚೌಕಟ್ಟಿನಿಂದ ನಾಲ್ಕು ಬೆರಳು ದೂರ ಹಿಡಿಯಿರಿ. ಇನ್ನೊಂದು ಕೈಯಲ್ಲಿ ದೂಳನ್ನು ಅದರ ಕಡೆಗೆ ಮೆಲ್ಲಗೆ ತಳ್ಳಿ. ಮೇಲಿನಿಂದ ಕೆಳಕ್ಕೆ ಬನ್ನಿ, ಒತ್ತಬೇಡಿ. ಮಗುವಿನ ಕೆನ್ನೆ ಸವರಿದಷ್ಟು ಹಗುರವಾಗಿರಲಿ.

ಚೂರು ಬಿದ್ದರೆ ಎಸೆಯಬೇಡಿ. ಲಕೋಟೆಗೆ ಹಾಕಿ, ಎಲ್ಲಿಂದ ಬಿತ್ತು ಅಂತ ಮೇಲೆ ಬರೆದಿಡಿ. ರಿಪೇರಿ ಮಾಡುವವರಿಗೆ ಅದೇ ಆಸ್ತಿ.

ಅಲಂಕಾರದ ಮೇಲೆ ಅಡ್ಡಡ್ಡ ಸಣ್ಣ ಬಿರುಕುಗಳು ಕಂಡರೆ ಗಾಬರಿ ಬೇಡ. ಆ್ಯಡಂ ಕಾಲದಲ್ಲಿ ಸೀಮೆಸುಣ್ಣ, ಅಂಟು, ರಾಳ, ಅಗಸೆ ಎಣ್ಣೆ ಕಲಸಿದ ಹಿಟ್ಟನ್ನು ಅಚ್ಚಿಗೆ ಒತ್ತಿ ಅಲಂಕಾರ ಮಾಡುವುದು ಜೋರಾಗಿತ್ತು. ಆ ಹಿಟ್ಟು ಒಣಗಿ ಕುಗ್ಗಿದಾಗ ಹೀಗೆ ಬಿರಿಯುತ್ತದೆ. ಪುಟ್ಟಿ ತುಂಬಬೇಡಿ.

ಅಂಗಡಿಯ ಗೋಲ್ಡ್ ಪೇಂಟ್ ಬಗ್ಗೆಯೂ ಒಂದು ಮಾತು. ಅಗ್ಗದ ಡಬ್ಬಿಗಳಲ್ಲಿ ಚಿನ್ನ ಇರುವುದಿಲ್ಲ, ಹಿತ್ತಾಳೆಯಂಥ ಲೋಹದ ಪುಡಿ ಇರುತ್ತದೆ. ಕೆಲವು ವರ್ಷಕ್ಕೆ ಅದು ಕಂದು ತಿರುಗುತ್ತದೆ. ಪಕ್ಕದ ಅಸಲಿ ಚಿನ್ನ ಹಾಗೇ ಹೊಳೆಯುತ್ತಿರುತ್ತದೆ, ತೇಪೆ ಎದ್ದು ಕಾಣುತ್ತದೆ. ಕೆಂಪು ಮಣ್ಣು ಕಂಡರೆ ಕಾಣಲಿ ಬಿಡಿ.

ಗಾಜು

ತುಂಬ ಹಳೆ ಕನ್ನಡಿಯ ಬೆನ್ನಿಗೆ ಇರುವುದು ಬೆಳ್ಳಿಯಲ್ಲ, ತವರ ಮತ್ತು ಪಾದರಸ. ಗಾಜಿಗೆ ಬೆಳ್ಳಿ ಹತ್ತಿಸುವ ರಾಸಾಯನಿಕ ವಿಧಾನವನ್ನು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ತೋರಿಸಿದ್ದೇ 1835ರಲ್ಲಿ. ಅದಕ್ಕೂ ಮೊದಲು ತವರದ ತೆಳು ಹಾಳೆ ಹಾಸಿ, ಪಾದರಸ ಸುರಿದು, ಮೇಲೆ ಗಾಜು ಜಾರಿಸಿ, ಭಾರ ಹೇರಿ ವಾರಗಟ್ಟಲೆ ಬಿಡುತ್ತಿದ್ದರು. ಬಿಳಿ ಹಾಳೆಯನ್ನು ಗಾಜಿನ ಮುಂದೆ ಹಿಡಿಯಿರಿ. ಪ್ರತಿಬಿಂಬ ತುಸು ಹಳದಿಯಾದರೆ ಬೆಳ್ಳಿ, ನೀಲಿ ಬೂದಿಯಾದರೆ ಪಾದರಸ ಇರಬಹುದು.

ಪಾದರಸದ್ದಾದರೆ ಹಿಂದಿನ ಹಲಗೆ ಬಿಚ್ಚಬೇಡಿ, ಮಲಗಿಸಬೇಡಿ. ಕೆಳಗಿನ ಅಂಚಿನಲ್ಲಿ ಪುಟ್ಟ ಬೆಳ್ಳಿ ಹನಿಗಳು ಕಂಡರೆ ಕೈಯಿಂದ ಮುಟ್ಟಬೇಡಿ, ವ್ಯಾಕ್ಯೂಮ್ ಅಥವಾ ಪೊರಕೆ ಹಾಕಬೇಡಿ. ಕಿಟಕಿ ತೆರೆದು, ಮಕ್ಕಳನ್ನು ದೂರ ಕಳಿಸಿ, ತಿಳಿದವರನ್ನು ಕರೆಯಿರಿ. ಹೊಸದಾಗಿ ಪಾಲಿಶ್ ಹಾಕಿಸಿ ಕೊಡ್ತೀವಿ ಅನ್ನುವವರ ಮಾತಿಗೆ ಒಪ್ಪಬೇಡಿ. ಮಬ್ಬು, ಕಲೆ ಎಲ್ಲ ಆ ಕನ್ನಡಿಯ ವಯಸ್ಸು. ಅದನ್ನು ಕೆರೆದು ತೆಗೆದರೆ ಬೆಲೆಯೂ ಹೋಗುತ್ತದೆ.

ಒರೆಸಲು ಕನ್ನಡಕದ ಬಟ್ಟೆ ಸಾಕು. ಜಿಗುಟು ಇದ್ದರೆ ಡಿಸ್ಟಿಲ್ಡ್ ವಾಟರ್ ಎರಡು ಹನಿ, ಅದೂ ಬಟ್ಟೆಗೆ. ನಡುವಿನಿಂದ ಶುರುಮಾಡಿ, ಅಂಚಿಗೆ ಒಂದು ಬೆರಳು ಬಾಕಿ ಇರುವಾಗಲೇ ನಿಲ್ಲಿಸಿ. ಸ್ಪ್ರೇ ಹೊಡೆದರೆ ದ್ರವ ಇಳಿದು ಚೌಕಟ್ಟಿನ ಸಂದಿಗೆ ಸೇರುತ್ತದೆ. ವಿಭೂತಿ, ಒದ್ದೆ ಪೇಪರ್ ಎಲ್ಲ ಬಚ್ಚಲುಮನೆಯ ಕನ್ನಡಿಗೆ ಇಟ್ಟುಕೊಳ್ಳಿ.

ಬೇರೆ ಗೋಡೆಗೆ ತೂಗುಹಾಕುವುದಾದರೆ

ಬಿಸಿಲು ಬೀಳುವ, ಮಳೆಗಾಲದಲ್ಲಿ ಒಸರುವ ಗೋಡೆ ಬೇಡ. ಉರಿಯುವ ಬೆಂಕಿಗೂಡಿನ ಮೇಲೂ ಬೇಡ. ಹಳೆ ತಂತಿ, ಹಳೆ ಮೊಳೆ ನಂಬಬೇಡಿ. ಎತ್ತುವಾಗ ಇಬ್ಬರು ಇರಲಿ, ಕೈ ಕೆಳಗಿನ ಪಟ್ಟಿಗೆ ಇರಲಿ. ಕಲಶವನ್ನೋ ಮಾಲೆಯನ್ನೋ ಹಿಡಿಯಬೇಡಿ. ಇಳಿಬಿಟ್ಟ ಮಾಲೆಯ ಒಳಗೆ ಎಷ್ಟೋ ಸಲ ಬರೀ ಸಣ್ಣ ತಂತಿ ಇರುತ್ತದೆ. ಅಕ್ಕನ ಕನ್ನಡಿಯ ಬಲಗಡೆಯ ಮಾಲೆಯಲ್ಲಿ ಈಗ ಗೇಣುದ್ದ ಕೆಂಪು ಕಾಣುತ್ತದೆ. ಬ್ರಷ್‌ಗೆ ಟೇಪು ಸುತ್ತಿ ಕಪಾಟಿನಲ್ಲಿಟ್ಟಿದ್ದಾಳೆ.